ನಿಮ್ಮ ಡಾಟಾದ ಒಂದ್ ಕಾಪಿ ದೂರದ ಊರಾಗ ಇಡ್ರಿ, ಕೀಲಿ ಹಾಕಿ ಇಡ್ರಿ

2019ರ ಏಪ್ರಿಲ್, ಸುಡು ಬ್ಯಾಸಿಗಿ. ಕಲಬುರಗಿ ಗಂಜದಾಗ ಅಡತ್ ಅಂಗಡಿ ಇರೋ ಸಾವಕಾರ್ರೊಬ್ರು ಮುಂಜಾನೆ ಎಂಟಕ್ಕ ಫೋನ್ ಮಾಡಿ "ತಮ್ಮಾ, ಟ್ಯಾಲಿ ಓಪನ್ ಆಗವಲ್ದು, ಲಗೂನ ಬಾ" ಅಂದ್ರು. ಟ್ಯಾಲಿ ಅಂದ್ರ ಅಂಗಡಿ ಲೆಕ್ಕ ಇಡೋ ಸಾಫ್ಟ್‌ವೇರ್. ಹೋಗಿ ನೋಡಿದ್ರ ಎಲ್ಲಾ ಫೈಲಿನ ಹೆಸರಿಗೂ ಹಿಂದ ಏನೋ ಹೊಸಾ ಅಕ್ಷರ ಅಂಟಿದ್ವು, ಪ್ರತಿ ಫೋಲ್ಡರ್‌ದಾಗ ಒಂದು ಸಣ್ಣ ಟೆಕ್ಸ್ಟ್ ಫೈಲ್ ಬಿದ್ದಿತ್ತು, ಅದ್ರಾಗ 980 ಡಾಲರ್ ಕೊಡ್ರಿ, 72 ತಾಸಿನೊಳಗ ಮೇಲ್ ಮಾಡಿದ್ರ ಅರ್ಧಕ್ಕ, ಅಂದ್ರ 490 ಡಾಲರಿಗೆ ಬಿಡ್ತೀವಿ ಅಂತ ಬರದಿತ್ತು. ಹಿಂದಿನ ದಿನ ಸಂಜಿಮುಂದ ಅಂಗಡಿ ಹುಡುಗ ಯಾವುದೋ ಸಾಫ್ಟ್‌ವೇರ್ ಪುಕ್ಕಟ ಸಿಗ್ತದಂತ ಕ್ರ್ಯಾಕ್ ಇಳಿಸಿದ್ದ, ಅದರ ಜೋಡಿ ಫೈಲಿಗೆ ಕೀಲಿ ಜಡದು ರೊಕ್ಕ ಕೇಳೋ ವೈರಸ್ (ರ‍್ಯಾನ್ಸಮ್‌ವೇರ್) ಹೊಕ್ಕಿತ್ತು. ಬ್ಯಾಕಪ್ ಇರ್ಲಿಲ್ಲಂತ ಅಲ್ಲ. ಪೆನ್ ಡ್ರೈವ್ ಸಿಪಿಯು ಹಿಂದ ಹಾಕೇ ಇತ್ತು, ಅದನ್ನ ಯಾವಾಗ್ಲೂ ಹಾಕೇ ಇಡ್ರಿ, ತೆಗೀಬ್ಯಾಡ್ರಿ ಅಂತ ಅವ್ರಿಗೆ ಹೇಳಿದಾಂವ ನಾನೇ. ಆ ಪೆನ್ ಡ್ರೈವಿನ ಫೈಲೂ ಹಂಗೇ ಲಾಕ್ ಆಗಿದ್ವು. ಬಿಲ್ಲಿನ ಸ್ಕ್ಯಾನ್ ಕಾಪಿ ಗೂಗಲ್ ಡ್ರೈವಿಗೆ ಸಿಂಕ್ ಆಗ್ತಿದ್ವು, ಅಲ್ಲೂ ಲಾಕ್ ಆದ ಫೈಲೇ ಹೋಗಿ ಕುಂತಿದ್ವು, ಹಳೇವು ಟ್ರ್ಯಾಶ್‌ದಾಗ ಇದ್ವು ಅಂತ ರಾತ್ರಿಯೆಲ್ಲಾ ಕುಂತು ಒಂದೊಂದೇ ತೆಗದೆ. ಟ್ಯಾಲಿ ಮಾತ್ರ ಸಿಗ್ಲಿಲ್ಲ. ಆ ವರ್ಷದ ಲೆಕ್ಕ ಕಾಗದದ ಬಿಲ್ ನೋಡಿ ಮತ್ತ ಹೊಡಿಯೋದಕ್ಕ ಎರಡೂವರಿ ತಿಂಗಳು ಹಿಡೀತು, ಅದಕ್ಕೂ ಹಿಂದಿನ ವರ್ಷದವು ಹೋದ್ವು ಹೋದ್ವು.

ಆವತ್ತಿಂದ ನಾನು ಯಾರ ಕಂಪ್ಯೂಟರಿಗೆ ಕೈ ಹಚ್ಚಿದ್ರೂ ಮೊದ್ಲು ಕೇಳೋದು ಒಂದೇ ಮಾತು: ಈ ಕಂಪ್ಯೂಟರ್ ಮುಂದ ಕುಂತಾಂವ ಅಳಿಸಾಕ ಆಗದಂಥಾ ಕಾಪಿ ನಿಮ್ಮ ಹತ್ರ ಒಂದರ ಅದ ಏನ್ರಿ? ಮೂರು ಕಾಪಿ ಇದ್ರೂ ಮೂರೂ ಒಂದೇ ಕೈಗೆ ಸಿಗ್ತಿದ್ರ ಅದು ಒಂದೇ ಕಾಪಿ ಇದ್ದಂಗ.

ಇಲ್ಲಿ ಭಾಳ ಮಂದಿ ಸಿಂಕ್ ಅನ್ನೋದನ್ನೇ ಬ್ಯಾಕಪ್ ಅಂತ ತಿಳ್ಕೊಂಡಾರ, ಅದನ್ನ ಮೊದ್ಲು ಬಿಡಿಸಿ ಹೇಳ್ತೀನಿ. ಗೂಗಲ್ ಡ್ರೈವ್, ಒನ್‌ಡ್ರೈವ್ ಇವೆಲ್ಲಾ ಮಾಡೋ ಕೆಲಸ ಏನಂದ್ರ ನಿಮ್ಮ ಫೋಲ್ಡರ್ ಇಲ್ಲಿ ಹ್ಯಾಂಗದನೋ ಅಲ್ಲೂ ಹಂಗೇ ಇಡೋದು. ಇಲ್ಲಿ ಅಳಿಸಿದ್ರ ಅಲ್ಲೂ ಅಳೀತದ, ಇಲ್ಲಿ ಕೆಟ್ರ ಅಲ್ಲೂ ಕೆಡ್ತದ. ಟ್ರ್ಯಾಶ್ ಇರ್ತದ ಖರೇ, ಆದ್ರ ಗೂಗಲ್ ಡ್ರೈವಿಂದು ಈಗ 30 ದಿನಕ್ಕ ತಾನೇ ಖಾಲಿ ಆಗ್ತದ, ಫೈಲ್ ಹೋಗಿದ್ದು ನಿಮಗ ಗೊತ್ತಾಗೋದು ಮಾರ್ಚ್ ಕ್ಲೋಸಿಂಗ್ ಟೈಮಿಗೆ. ಬ್ಯಾಕಪ್ ಅಂದ್ರ ನಿನ್ನೆ ಹ್ಯಾಂಗಿತ್ತು, ಹೋದ ವಾರ ಹ್ಯಾಂಗಿತ್ತು, ದೀಪಾವಳಿಗೆ ಹ್ಯಾಂಗಿತ್ತು ಅಂತ ಬ್ಯಾರೆ ಬ್ಯಾರೆ ದಿನದ ಕಾಪಿ ಇರಬೇಕು, ಬೇಕಾದ ದಿನಕ್ಕ ಹಿಂದ ಹೋಗಾಕ ಬರಬೇಕು.

ಇನ್ನ ದೂರ ಯಾಕ ಅಂತೀರಿ. ನಮ್ಮ ಕಡಿ ಬ್ಯಾಸಿಗ್ಯಾಗ 43-44 ಡಿಗ್ರಿ ಅನ್ನೋದು ಹೊಸದಲ್ಲ, ತಗಡಿನ ಛತ್ತಿನ ಕೋಣ್ಯಾಗ ಕಂಪ್ಯೂಟರ್ ಇಟ್ರ ಹಾರ್ಡ್ ಡಿಸ್ಕ್ ಎಷ್ಟು ದಿನ ತಡೀತದ, ಮ್ಯಾಲ ಕರೆಂಟ್ ಹೋಗಿ ಬರೋದು, ವೋಲ್ಟೇಜ್ ಏರಿಳಿತ. 2020ರ ಅಕ್ಟೋಬರ್‌ದಾಗ ಭೀಮಾ ತುಂಬಿ ಬಂದಾಗ ಅಫಜಲಪುರ, ಜೇವರ್ಗಿ ಕಡಿ ಮನಿಮನಿಗೆ ನೀರು ಹೊಕ್ಕಿತ್ತು, ಅಂಥಾ ಹೊತ್ತಿನ್ಯಾಗ ಕಂಪ್ಯೂಟರ್ ಒಂದು ಕೋಣ್ಯಾಗ, ಬ್ಯಾಕಪ್ ಡಿಸ್ಕ್ ಬಾಜೂ ಅಲಮಾರ್ಯಾಗ ಇದ್ದು ಏನು ಉಪಯೋಗ? ದೊಡ್ಡ ದೊಡ್ಡವ್ರೂ ಇದನ್ನ ಮರೀತಾರ. 2025ರ ಸೆಪ್ಟೆಂಬರ್ 26ಕ್ಕ ದಕ್ಷಿಣ ಕೊರಿಯಾದ ಡೇಜಾನ್ ಊರಾಗ ಸರ್ಕಾರದ ಡಾಟಾ ಸೆಂಟರಿಗೆ ಬ್ಯಾಟರಿಯಿಂದ ಬೆಂಕಿ ಹತ್ತಿ, ಸರ್ಕಾರಿ ನೌಕರರು ಫೈಲ್ ಇಡ್ತಿದ್ದ ಜಿ-ಡ್ರೈವ್ ಅನ್ನೋದು ಪೂರ್ತಿ ಸುಟ್ಟಹೋತು, 858 ಟೆರಾಬೈಟ್, ಅದಕ್ಕ ಹೊರಗ ಬ್ಯಾಕಪ್ಪೇ ಇರ್ಲಿಲ್ಲ. ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್ ಪ್ರಚಾರಕ್ಕ ತಂದ 3-2-1 ಅನ್ನೋ ಲೆಕ್ಕ ಇದಕ್ಕೇ ಇರೋದು: ಮೂರು ಕಾಪಿ, ಎರಡು ಬ್ಯಾರೆ ಥರದ ಜಾಗಾದಾಗ, ಒಂದು ಊರ ಹೊರಗ. ಪೆನ್ ಡ್ರೈವ್ ಬ್ಯಾಡಂತ ನಾ ಹೇಳಂಗಿಲ್ಲ, ಕಾಪಿ ಆದ ಕೂಡ್ಲೇ ಕಿತ್ತಿ ತೆಗದು ಮನಿಗೆ ಒಯ್ರಿ ಅಂತೀನಿ. ಆದ್ರ ಇವತ್ತು ಹೇಳೋದು ಆ ಊರ ಹೊರಗಿನ ಒಂದು ಕಾಪಿ ಬಗ್ಗೆ.

ಮೊದ್ಲು ಯಾವುದು ಕಾಪಿ ಮಾಡಬೇಕು ಅಂತ ಕುಂತು ಬರೀರಿ. ವಿಂಡೋಸ್, ಸಾಫ್ಟ್‌ವೇರ್ ಇವನ್ನೆಲ್ಲಾ ಕಳಸೋ ಜರೂರಿ ಇಲ್ಲ, ಅವು ಮತ್ತ ಹಾಕ್ಕೊಳ್ಳಾಕ ಬರ್ತವ. ಮತ್ತ ಹುಟ್ಟಿಸಾಕ ಆಗದಂಥಾವು ಬೇಕು. ವ್ಯಾಪಾರಸ್ಥರಿಗೆ ಟ್ಯಾಲಿ, ಬಿಲ್ ಸ್ಕ್ಯಾನ್, ಉದ್ರಿ ಪಟ್ಟಿಯ ಎಕ್ಸೆಲ್. ಇದು ಬರೇ ಅನುಕೂಲದ ಮಾತಲ್ಲ, ಜಿಎಸ್‌ಟಿ ಲೆಕ್ಕ ವಾರ್ಷಿಕ ರಿಟರ್ನಿನ ಕಡೀ ತಾರೀಖಿಂದ 72 ತಿಂಗಳು ಇಡಬೇಕು, ಕಂಪ್ಯೂಟರಿನ್ಯಾಗ ಲೆಕ್ಕ ಇಟ್ರ ಅದು ಹಾಳಾದ್ರೂ ಮತ್ತ ತೆಗಿಯಾಕ ಬರೋ ಹಂಗ ಬ್ಯಾಕಪ್ ಇರಬೇಕಂತ ಸಿಜಿಎಸ್‌ಟಿ ರೂಲ್ಸ್‌ದಾಗ 57ನೇ ರೂಲೇ ಹೇಳ್ತದ. ನಿಮ್ಮ ದಾಲ್ ಮಿಲ್ ಪ್ರೈವೇಟ್ ಲಿಮಿಟೆಡ್ ಇದ್ರ ಇನ್ನೂ ಬಿಗಿ, 2022ರ ಆಗಸ್ಟ್‌ದಾಗ ಕಂಪನಿ ಅಕೌಂಟ್ಸ್ ರೂಲ್ಸ್ ತಿದ್ದಿ ದಿನಾ ಬ್ಯಾಕಪ್ ಆಗಬೇಕು, ಅದೂ ಭಾರತದಾಗ ಇರೋ ಸರ್ವರಿನ್ಯಾಗ ಅಂತ ಮಾಡ್ಯಾರ.

ಆದ್ರ ನನ್ನ ಜೀವ ಭಾಳ ಮರಗೋದು ಎರಡನೇ ಥರದ ಡಾಟಾಕ್ಕ. ಆಳಂದ ಕಡಿ ರಿಟೈರ್ ಆದ ಮಾಸ್ತರ್ರೊಬ್ರು ಅದಾರ, ಮೂವತ್ತು ವರ್ಷ ಊರೂರು ತಿರುಗಿ ತತ್ವಪದ, ಮೊಹರಂ ಪದ, ಹಂತಿ ಪದ ಎಲ್ಲಾ ಕ್ಯಾಸೆಟ್ಟಿಗೆ ತುಂಬಿಕೊಂಡಾರ. ಕಡಕೋಳ ಮಡಿವಾಳಪ್ಪನ ಪದ ಪುಸ್ತಕದಾಗ ಸಿಗ್ತಾವ, ಆದ್ರ ಆ ಹಳ್ಳಿಯ ಆ ಮುದುಕ ಏಕತಾರಿ ಹಿಡದು ಹಾಡಿದ ಧಾಟಿ ಪುಸ್ತಕದಾಗ ಸಿಗಂಗಿಲ್ಲ, ಹಾಡಿದವ್ರು ಭಾಳ ಮಂದಿ ಈಗಿಲ್ಲ. ಲೆಕ್ಕ ಹೋದ್ರ ಬಿಲ್ ನೋಡಿ ಮತ್ತ ಬರೀಬಹುದು, ಇದನ್ನ ಯಾವ ಕಾಗದ ನೋಡಿ ಬರೀಬೇಕು? ನಾವು ಆ ಕ್ಯಾಸೆಟ್ ಕಂಪ್ಯೂಟರಿಗೆ ಹಾಕೋದು ಶುರು ಮಾಡಿದಾಗ ಅವು ಒಂದೇ ಒಂದು ಎಕ್ಸ್‌ಟರ್ನಲ್ ಡಿಸ್ಕಿನ್ಯಾಗ ಇದ್ವು, ಆ ಡಿಸ್ಕ್ ಒಂದು ಅರಿವ್ಯಾಗ ಸುತ್ತಿ ಟ್ರಂಕಿನ್ಯಾಗ ಇಟ್ಟಿದ್ರು. ಮುಂದಿನ ಉದಾಹರಣೆ ಎಲ್ಲಾ ಆ ಡಾಟಾದ್ದೇ.

ದೂರದ ಜಾಗಾ ಎರಡು ಥರ. ಒಂದು, ತಿಂಗಳಾ ರೊಕ್ಕ ಕೊಟ್ಟು ಕ್ಲೌಡ್ ಸ್ಟೋರೇಜ್, ಅಂದ್ರ ನೆಟ್ಟಿನ ಮ್ಯಾಲ ಒಂದು ಕಂಪನಿಯ ಸರ್ವರಿನ್ಯಾಗ ಬಾಡಿಗಿ ಜಾಗಾ ತೊಗೊಳ್ಳೋದು. ಅಮೆಜಾನ್ ಎಸ್‌3ಕ್ಕ ಮುಂಬೈದಾಗ 2016ರಿಂದ, ಹೈದರಾಬಾದದಾಗ 2022ರ ನವೆಂಬರಿಂದ ಡಾಟಾ ಸೆಂಟರ್ ಅವ, ಕಂಪನಿ ಲೆಕ್ಕ ಇದ್ದವ್ರು ಇಂಥಾದೇ ತೊಗೊಳ್ರಿ, ನಮಗ ಹೈದರಾಬಾದ್ ಬೆಂಗಳೂರಿಗಿಂತ ಹತ್ರನೂ ಆತು. ಬ್ಯಾಕ್‌ಬ್ಲೇಜ್ ಬಿ2 ಸೋವಿ, ಮೊದಲ 10 ಜಿಬಿ ಪುಕ್ಕಟ, ಆದ್ರ ಅದರ ಸರ್ವರ್ ಭಾರತದಾಗ ಇಲ್ಲ, ಹಾಡು ಫೋಟೋಕ್ಕ ನಡೀತದ. ಬ್ಯಾಕ್‌ಬ್ಲೇಜಿಗೆ ರೊಕ್ಕ ಕಟ್ಟೋ ಕಾರ್ಡಿಗೆ ಇಂಟರ್‌ನ್ಯಾಷನಲ್ ವ್ಯವಹಾರ ಚಾಲೂ ಇಟ್ಟಿರ್ರಿ, ಕಾರ್ಡ್ ಫೇಲ್ ಆಗಿ ಅಕೌಂಟ್ ನಿಂತದ್ದು ನೋಡೀನಿ. ಎರಡನೇ ಥರ, ಬ್ಯಾರೆ ಊರಾಗ ಇರೋ ನಿಮ್ಮೋರ ಮನ್ಯಾಗ ಒಂದು ಹಳೇ ಕಂಪ್ಯೂಟರ್ ಇಡೋದು. ಅದನ್ನ ಆಮ್ಯಾಲ ಹೇಳ್ತೀನಿ.

ಕೀಲಿ ವಿಷಯಕ್ಕ ಬರೋಣು. ಡಾಟಾ ನಿಮ್ಮ ಕಂಪ್ಯೂಟರಿಂದ ಹೊರಗ ಬೀಳೋಕ್ಕಿಂತ ಮೊದ್ಲೇ ಕೀಲಿ ಬಿದ್ದಿರಬೇಕು, ಕೀಲಿಕೈ ನಿಮ್ಮ ಹತ್ರ ಮಾತ್ರ ಇರಬೇಕು. ಆಗ ಕ್ಲೌಡ್ ಕಂಪನಿಯವ್ರಿಗೂ ಅದ್ರಾಗ ಏನದ ಅಂತ ಕಾಣಂಗಿಲ್ಲ. ಆದ್ರ ಆ ಪಾಸ್‌ವರ್ಡ್ ಮರತ್ರ ಮುಗೀತು, ಫರ್ಗಾಟ್ ಪಾಸ್‌ವರ್ಡ್ ಬಟನ್ ಇರಂಗಿಲ್ಲ, ಯಾವ ಇಂಜಿನಿಯರೂ ತೆಗದು ಕೊಡಾಕ ಆಗಂಗಿಲ್ಲ. ಅದಕ್ಕ ಪಾಸ್‌ವರ್ಡ್ ಹಿಂಗ ಮಾಡ್ರಿ: ಒಂದಕ್ಕೊಂದು ಸಂಬಂಧ ಇಲ್ಲದ ಆರು ಮಾತು, ಚೀಟಿ ಎತ್ತಿ ಆರಿಸ್ರಿ, ತಲ್ಯಾಗ ಬಂದದ್ದು ಹಾಕಬ್ಯಾಡ್ರಿ ಯಾಕಂದ್ರ ತಲ್ಯಾಗ ಬರೋದು ಮಕ್ಕಳ ಹೆಸರು, ಮನಿ ದೇವ್ರು, ಬಾಯಿಪಾಠ ಇದ್ದ ವಚನದ ಸಾಲು, ಇವು ಊಹಾ ಮಾಡಾಕ ಸರಳ. ಇಂಗ್ಲಿಷ್ ಅಕ್ಷರದಾಗೇ ಟೈಪ್ ಮಾಡ್ರಿ, ನುಡಿ ಬರಹ ಕೀಬೋರ್ಡಿನ್ಯಾಗ ಕನ್ನಡ ಅಕ್ಷರ ಹಾಕಿದ್ರ ನಾಳೆ ಬ್ಯಾರೆ ಕಂಪ್ಯೂಟರಿನ್ಯಾಗ ಅದೇ ಅಕ್ಷರ ಮೂಡಲಿಲ್ಲಂದ್ರ ಕುಂತು ಅಳಬೇಕಾಗ್ತದ. ಆಮ್ಯಾಲ ಎರಡು ಕಾಗದದ ಮ್ಯಾಲ ಪೆನ್ನಿಲೆ ಬರದು ಒಂದು ಬ್ಯಾಂಕ್ ಲಾಕರಿನ್ಯಾಗ ಬಂಗಾರದ ಜೋಡಿ ಇಡ್ರಿ, ಇನ್ನೊಂದು ಬ್ಯಾರೆ ಮನ್ಯಾಗ ನಂಬೋ ಮನುಷ್ಯಾರ ಹತ್ರ. ಅದೇ ಕಂಪ್ಯೂಟರಿನ್ಯಾಗ ನೋಟ್‌ಪ್ಯಾಡ್ ಫೈಲ್ ಮಾಡಿ ಇಡಬ್ಯಾಡ್ರಿ, ವಾಟ್ಸಾಪಿನ್ಯಾಗ ಕಳಸಬ್ಯಾಡ್ರಿ.

ಸಾಫ್ಟ್‌ವೇರ್ ನಾನು ಹಾಕೋದು ಡುಪ್ಲಿಕಾಟಿ. ಪುಕ್ಕಟ, ಓಪನ್ ಸೋರ್ಸ್, ಬ್ರೌಸರಿನ್ಯಾಗೇ ತೆರೀತದ, ಕಮಾಂಡ್ ಹೊಡಿಯೋದಿಲ್ಲ. (ಕಮಾಂಡಿಗೆ ಅಂಜದವ್ರು ರೆಸ್ಟಿಕ್ ನೋಡ್ರಿ, ಅದು ಇನ್ನೂ ಛಲೋ.) ಅದರ ಅಧಿಕೃತ ಜಾಗಾದಿಂದಲೇ ಇಳಿಸ್ರಿ. ಆಡ್ ಬ್ಯಾಕಪ್ ಒತ್ತಿದ್ರ ಐದು ಪುಟ ಬರ್ತವ. ಮೊದಲ ಪುಟದಾಗ ಹೆಸರು ಕೊಟ್ಟು ಎನ್‌ಕ್ರಿಪ್ಷನ್ ಅನ್ನೋ ಕಡಿ ಎಇಎಸ್-256 ಆರಿಸಿ ಆ ಆರು ಮಾತಿನ ಪಾಸ್‌ವರ್ಡ್ ಹಾಕ್ರಿ. ಎರಡನೇದು ಡೆಸ್ಟಿನೇಷನ್, ಇಲ್ಲಿ ನಿಮ್ಮ ಕ್ಲೌಡ್ ಬಕೆಟ್ಟಿನ (ಕ್ಲೌಡಿನ್ಯಾಗ ನಿಮ್ಮ ಡಬ್ಬಿ ಇದ್ದಂಗ) ಹೆಸರು, ಅದರ ಕೀ (ಆ ಬಕೆಟ್ಟಿಗೆ ಹೋಗಾಕ ಕ್ಲೌಡ್ ಕಂಪನಿ ಕೊಡೋ ಗುಟ್ಟಿನ ಕೋಡ್, ಆರು ಮಾತಿನ ಪಾಸ್‌ವರ್ಡ್ ಅಲ್ಲ) ಹಾಕಿ ಟೆಸ್ಟ್ ಕನೆಕ್ಷನ್ ಒತ್ತಿ ನೋಡ್ರಿ. ಬಕೆಟ್ ಪ್ರೈವೇಟ್ ಇರಬೇಕು, ಕೀ ಅನ್ನೋದು ಇಡೀ ಅಕೌಂಟಿನದ್ದು ಕೊಡಬ್ಯಾಡ್ರಿ, ಆ ಒಂದೇ ಬಕೆಟ್ಟಿಗೆ ನಡಿಯೋ ಕೀ ಮಾಡಿ ಅದನ್ನ ಕೊಡ್ರಿ. ಮೂರನೇದು ಯಾವ ಫೋಲ್ಡರ್ ಅಂತ ಟಿಕ್ ಹಾಕೋದು. ನಾಲ್ಕನೇದು ಟೈಮ್, ಅಂಗಡಿ ಮುಚ್ಚೋಕ್ಕಿಂತ ಒಂದು ತಾಸು ಮೊದ್ಲು ಅಂತ ಇಡ್ರಿ, ಆ ಹೊತ್ತಿಗೆ ಕರೆಂಟ್ ಇಲ್ಲದ ತಪ್ಪಿದ್ರ ಮುಂದ ಕಂಪ್ಯೂಟರ್ ಚಾಲೂ ಮಾಡಿದಾಗ ತಾನೇ ಓಡ್ತದ. ಐದನೇದರಾಗ ಎಷ್ಟು ಹಳೇ ಕಾಪಿ ಇಡಬೇಕು ಅಂತ ಕೇಳ್ತದ, ಸ್ಮಾರ್ಟ್ ಅನ್ನೋದು ಆರಿಸಿದ್ರ ಒಂದು ವಾರದ ದಿನದ್ದಿನದ್ದು, ನಾಲ್ಕು ವಾರಕ್ಕ ವಾರಕ್ಕೊಂದು, ವರ್ಷಕ್ಕ ತಿಂಗಳಿಗೊಂದು ಇಟ್ಕೊಂತದ. ಪ್ರತಿ ಸಲ ಪೂರ್ತಿ ಕಳಸಂಗಿಲ್ಲ, ಬದಲಾದ ತುಕಡಾ ಅಷ್ಟೇ ಹೋಗ್ತವ, ಹಂಗಾಗಿ ನೆಟ್ಟೂ ತಿನ್ನಂಗಿಲ್ಲ.

ಟ್ಯಾಲಿ ಇದ್ದವ್ರಿಗೆ ಒಂದು ಮಾತು. ಟ್ಯಾಲಿ ತೆರದಿದ್ದಾಗ ಅದರ ಡಾಟಾ ಫೋಲ್ಡರ್ ನೇರ ಕಾಪಿ ಮಾಡಿದ್ರ ಅರ್ಧಂಬರ್ಧ ಬರೋ ಚಾನ್ಸ್ ಇರ್ತದ. ಟ್ಯಾಲಿ ಪ್ರೈಮ್‌ದಾಗ ಡಾಟಾ ಮೆನುನ್ಯಾಗ ಬ್ಯಾಕಪ್ ಅಂತದ, ದಿನದ ಎಂಟ್ರಿ ಮುಗಿಸಿ ಅದನ್ನ ಒಂದು ಬ್ಯಾರೆ ಫೋಲ್ಡರಿಗೆ ಹೊಡೀರಿ, ಡುಪ್ಲಿಕಾಟಿಗೆ ಆ ಫೋಲ್ಡರ್ ತೋರಸ್ರಿ.

ಈಗ 2019ರ ಗಾಯಕ್ಕ ಔಷಧ. ಯಾರರ ನಿಮ್ಮ ಕಂಪ್ಯೂಟರಿನೊಳಗ ಹೊಕ್ರ ಡುಪ್ಲಿಕಾಟಿ ಒಳಗಿನ ಕೀ ಹಿಡಕೊಂಡು ಕ್ಲೌಡಿನ್ಯಾಗಿನ ಕಾಪಿನೂ ಅಳಸಬಹುದು, ಅಂದ್ರ ಮತ್ತ ಒಂದೇ ಕೈಗೆ ಸಿಕ್ಕಂಗಾತು. ಅದಕ್ಕ ಬಕೆಟ್ ಮಾಡುವಾಗಲೇ ಆಬ್ಜೆಕ್ಟ್ ಲಾಕ್ ಅನ್ನೋದು ಚಾಲೂ ಮಾಡ್ರಿ, ಬಿ2ದಾಗೂ ಅದ ಎಸ್‌3ದಾಗೂ ಅದ. ಎಸ್‌3ದಾಗ ಕಂಪ್ಲಯನ್ಸ್ ಮೋಡ್ ಅಂತ ಕೇಳಿದ್ರ ಅದನ್ನ ಆರಿಸ್ರಿ. 90 ದಿನ ಅಂತ ಹಾಕಿದ್ರ ಒಳಗ ಹೋದ ಫೈಲ್ 90 ದಿನ ಆ ಕೀಯಿಂದ ಯಾರೂ ಅಳಸಾಕ ಬರಂಗಿಲ್ಲ, ನಿಮಗೂ ಬರಂಗಿಲ್ಲ. ಲಾಕ್ ಹಾಕಿದ ಮ್ಯಾಲ ಡುಪ್ಲಿಕಾಟಿದಾಗ ಸ್ಮಾರ್ಟ್ ಬಿಟ್ಟು ಎಲ್ಲಾ ಕಾಪಿ ಇಡು ಅನ್ನೋದು ಆರಿಸಿ, ಅಡ್ವಾನ್ಸ್‌ಡ್ ಆಪ್ಷನ್‌ದಾಗ ಆಟೋ ಕಾಂಪ್ಯಾಕ್ಟ್ ಬ್ಯಾಡ ಅಂತ ಹಾಕ್ರಿ, ಇಲ್ಲಂದ್ರ ಅದು ಹಳೇ ಫೈಲ್ ಅಳಸಾಕ ಹೋಗಿ ಎರರ್ ಕೊಡಬಹುದು. ಜಾಗಾ ಜಾಸ್ತಿ ಹಿಡೀತದ, ಹಿಡೀಲಿ. ಕ್ಲೌಡ್ ಅಕೌಂಟಿನ ಲಾಗಿನ್ನಿಗೆ ಬ್ಯಾರೆ ಪಾಸ್‌ವರ್ಡ್, ಮ್ಯಾಲ ಅಥೆಂಟಿಕೇಟರ್ ಆಪ್ (ಲಾಗಿನ್ನಿಗೆ ಪ್ರತಿ ಸಲ ಹೊಸಾ ಕೋಡ್ ಕೊಡೋ ಫೋನ್ ಆಪ್), ಅದು ಕೊಡೋ ರಿಕವರಿ ಕೋಡ್ ಪ್ರಿಂಟ್ ತೆಗದು ಲಾಕರಿನ ಆ ಕಾಗದದ ಜೋಡೀನೇ ಇಡ್ರಿ, ಫೋನ್ ಕಳದ್ರ ಅದೇ ದಾರಿ.

ಮೊದಲ ಸಲ ಎಷ್ಟು ಹೊತ್ತು ಅಂತ ಎಲ್ಲಾರೂ ಕೇಳ್ತಾರ. ಮಾಸ್ತರ್ರ ಹಾಡು ಸಿಡಿ ಗುಣಮಟ್ಟದ ವೇವ್ ಫೈಲ್, ನಿಮಿಷಕ್ಕ ಸುಮಾರು 10 ಎಂಬಿ, ತಾಸಿಗೆ 600 ಎಂಬಿ, 100 ತಾಸಿನ ಹಾಡು ಅಂದ್ರ 60 ಜಿಬಿ. ಅಪ್‌ಲೋಡ್ 20 ಎಂಬಿಪಿಎಸ್ ಇದ್ರ ಆರು ತಾಸು ನಲವತ್ತು ನಿಮಿಷ, 10 ಇದ್ರ ಅದರ ಎರಡಪಟ್ಟು. ನೆಟ್ ಕಂಪನಿಯವ್ರು ಜಾಹೀರಾತಿನ್ಯಾಗ ಹೇಳೋದು ಡೌನ್‌ಲೋಡ್ ಸ್ಪೀಡ್, ನೀವು ಅಪ್‌ಲೋಡ್ ಎಷ್ಟು ಅಂತ ಅಳದು ನೋಡ್ರಿ. ನಡುವ ಕರೆಂಟ್ ಹೋದ್ರ ಹೆದರಬ್ಯಾಡ್ರಿ, ಅದು 50 ಎಂಬಿ ಗಂಟು ಕಟ್ಟಿ ಕಟ್ಟಿ ಕಳಸ್ತದ, ಹೋದ ಗಂಟು ಹೋದಂಗೇ. ಒಮ್ಮೆಲೇ ಎಲ್ಲಾ ಕೊಡೋಕ್ಕಿಂತ ಮೊದಲ ದಿನ ಎರಡು ಫೋಲ್ಡರ್, ಮರುದಿನ ಇನ್ನೆರಡು, ಹಂಗ ಏರಿಸ್ಕೋತ ಹೋಗ್ರಿ.

ಎರಡನೇ ಥರ ಹೇಳ್ತೀನಿ ಅಂದಿದ್ದೆ. ನಮ್ಮ ಅಕ್ಕನ ಮನಿ ಬೀದರದಾಗ ಅದ. ಅಲ್ಲಿ ಒಂದು ಹಳೇ ಕಂಪ್ಯೂಟರಿಗೆ ಡೆಬಿಯನ್ (ವಿಂಡೋಸ್ ಬದಲಿ ಹಾಕೋ ಪುಕ್ಕಟ ಲಿನಕ್ಸ್) ಹಾಕಿ, 2 ಟಿಬಿ ಡಿಸ್ಕ್ ಹಚ್ಚಿ, ಸಣ್ಣ ಯುಪಿಎಸ್ ಕೊಟ್ಟು ಅಟ್ಟದ ಮ್ಯಾಲ ಇಟ್ಟೀನಿ. ಮೊದಲಿನ ದೊಡ್ಡ ಕಾಪಿ ನೆಟ್ಟಿನ ಮ್ಯಾಲ ಕಳಸಲೇ ಇಲ್ಲ, ಇಲ್ಲೇ ಡಿಸ್ಕಿಗೆ ಬ್ಯಾಕಪ್ ಹೊಡದು ಚೀಲದಾಗ ಹಾಕ್ಕೊಂಡು ಬೀದರ ಟ್ರೇನ್ ಹತ್ತಿದೆ. 2017ಕ್ಕ ಆ ಲೈನ್ ಚಾಲೂ ಆದದ್ದು ನಮಗ ಇಂಥಾದಕ್ಕೂ ಅನುಕೂಲ ಆತು. ಅಲ್ಲಿ ಹಚ್ಚಿದ ಮ್ಯಾಲ ಡುಪ್ಲಿಕಾಟಿದಾಗ ಡೆಸ್ಟಿನೇಷನ್ ಮಾತ್ರ ಎಸ್‌ಎಫ್‌ಟಿಪಿ (ಇನ್ನೊಂದು ಕಂಪ್ಯೂಟರಿಗೆ ಸುರಕ್ಷಿತವಾಗಿ ಫೈಲ್ ಕಳಸೋ ರೀತಿ) ಅಂತ ಬದಲಿ ಮಾಡಿದೆ, ಅಲ್ಲಿಂದ ದಿನಾ ಹೊಸದಷ್ಟೇ ಹೋಗ್ತದ. ಮನಿ ನೆಟ್ಟಿಗೆ ಹೊರಗಿಂದ ನೇರ ಹೊಗಾಕ ಭಾಳ ಕಡಿ ಬರಂಗಿಲ್ಲ, ಯಾಕಂದ್ರ ಒಂದೇ ಐಪಿ (ನೆಟ್ಟಿನ ವಿಳಾಸ) ಸಾವಿರಾರು ಮನಿಗೆ ಹಂಚಿರ್ತಾರ, ಅದಕ್ಕ ಎರಡೂ ಕಡಿ ಟೇಲ್‌ಸ್ಕೇಲ್ ಅನ್ನೋ ಸಾಫ್ಟ್‌ವೇರ್ ಹಾಕಿ ಒಂದಕ್ಕೊಂದು ಗಂಟು ಹಾಕೀನಿ, ರೌಟರಿನ್ಯಾಗ ಏನೂ ಬಾಗಲಾ ತೆರಿಯೋ ಕೆಲಸ ಇಲ್ಲ. ಅಲ್ಲಿ ಡಿಸ್ಕನ್ನ ಬಿಟಿಆರ್‌ಎಫ್‌ಎಸ್ ಅನ್ನೋ ಥರದಾಗ ಫಾರ್ಮ್ಯಾಟ್ ಮಾಡಿ ದಿನಾ ಒಂದು ಸ್ನ್ಯಾಪ್‌ಶಾಟ್ (ಆವತ್ತು ಡಿಸ್ಕ್ ಹ್ಯಾಂಗಿತ್ತೋ ಅದರ ಪ್ರತಿ) ಆಗೋ ಹಂಗ ಮಾಡೀನಿ, ಕಲಬುರಗಿ ಕಂಪ್ಯೂಟರಿನ ಯೂಸರಿಗೆ ಆ ಸ್ನ್ಯಾಪ್‌ಶಾಟ್ ಅಳಸೋ ಹಕ್ಕಿಲ್ಲ. ಅಕ್ಕನ ಮಕ್ಕಳು ಡಿಸ್ಕ್ ತೆರದು ನೋಡಿದ್ರ ಕೀಲಿ ಬಿದ್ದ ಜಿಪ್ ಫೈಲ್ ಬಿಟ್ಟು ಏನೂ ಕಾಣಂಗಿಲ್ಲ. ಅವ್ರ ಡಾಟಾದ ಕಾಪಿ ನಮ್ಮ ಮನ್ಯಾಗ ಅದ, ಅದರ ಕೀಲಿಕೈ ಅವ್ರ ಹತ್ರ, ಇದು ಎರಡೂ ಮನಿಗೆ ಸರಿ ಬರ್ತದ.

ಇಷ್ಟೆಲ್ಲಾ ಮಾಡಿ ಸುಮ್ಮ ಕುಂತ್ರ ಅದು ಬ್ಯಾಕಪ್ ಅಲ್ಲ, ಬ್ಯಾಕಪ್ ಅದ ಅನ್ನೋ ನಂಬಿಗಿ ಅಷ್ಟೇ. 2017ರ ಜನವರಿ 31ಕ್ಕ ಗಿಟ್‌ಲ್ಯಾಬ್ ಅನ್ನೋ ಕಂಪನ್ಯಾಗ ಇಂಜಿನಿಯರ್ ಒಬ್ಬ ತಪ್ಪಿ ಅಸಲಿ ಡಾಟಾಬೇಸನ್ನೇ ಅಳಸಿಬಿಟ್ಟ, ಬ್ಯಾಕಪ್ ತೆಗಿಯಾಕ ಹೋದ್ರ ದಿನಾ ಆಗಬೇಕಿದ್ದ ಬ್ಯಾಕಪ್ ವರ್ಷನ್ ಹೊಂದಲಾರದ ಆಗೇ ಇರ್ಲಿಲ್ಲ, ಫೇಲ್ ಆಗ್ಯದ ಅಂತ ಹೇಳೋ ಮೇಲೂ ಯಾರಿಗೂ ಮುಟ್ಟಿರ್ಲಿಲ್ಲ. ಆರು ತಾಸಿನ ಡಾಟಾ ಹೋತು, ಅದನ್ನ ಅವ್ರೇ ಮುಚ್ಚಿಡಲಾರದ ಎಲ್ಲಾರ ಮುಂದ ಬರದು ಇಟ್ರು, ಅದಕ್ಕ ನಾನು ಅವ್ರಿಗೆ ಕೈ ಮುಗೀತೀನಿ. ಹಂಗಾಗಿ ಬ್ಯಾಕಪ್ ಆದಾಗೂ ಮೇಲ್ ಬರಲಿ, ಆಗದಾಗೂ ಬರಲಿ, ಮೇಲೇ ಬರಲಿಲ್ಲಂದ್ರ ಏನೋ ಕೆಟ್ಟದ ಅಂತ ತಿಳ್ಕೊಳ್ರಿ.

ಮೂರು ತಿಂಗಳಿಗೊಮ್ಮೆ ಬ್ಯಾರೆ ಕಂಪ್ಯೂಟರಿನ್ಯಾಗ ಡುಪ್ಲಿಕಾಟಿ ಹಾಕಿ, ಡೈರೆಕ್ಟ್ ರಿಸ್ಟೋರ್ ಅನ್ನೋದು ಒತ್ತಿ, ಲಾಕರಿನ ಕಾಗದ ತಂದು ಅದನ್ನ ನೋಡಿ ಪಾಸ್‌ವರ್ಡ್ ಟೈಪ್ ಮಾಡ್ರಿ. ನೆನಪಿಂದ ಹೊಡೀಬ್ಯಾಡ್ರಿ, ಕಾಗದದ ಮ್ಯಾಲ ಬರದದ್ದು ಸರಿ ಅದ ಇಲ್ಲ ಅನ್ನೋದೂ ಆಗಲೇ ಗೊತ್ತಾಗಬೇಕು. ಟ್ಯಾಲಿ ಆದ್ರ ರಿಸ್ಟೋರ್ ಮಾಡಿ ತೆರದು ಯಾವುದರ ಒಂದು ಪಾರ್ಟಿ ಲೆಡ್ಜರಿನ ಬಾಕಿ ಪೈಸಾಕ್ಕ ಪೈಸಾ ಹೊಂದ್ತದ ಅಂತ ನೋಡ್ರಿ. ಫೈಲ್ ಬಂತು ಅಂತ ಬಿಡಬ್ಯಾಡ್ರಿ, ತೆರೀರಿ.

ಮಾಸ್ತರ್ರ ಡಾಟಾದ ಮೊದಲ ರಿಸ್ಟೋರ್ ಅವ್ರ ಮುಂದೇ ಮಾಡಿದ್ವಿ, ನನ್ನ ತಂಗಿಯ ಲ್ಯಾಪ್‌ಟಾಪಿನ್ಯಾಗ. ಯಾವುದು ತೆಗೀಲಿ ಸರ ಅಂದೆ, ಒಂದು ಹಳ್ಳಿ ಹೆಸರು ಹೇಳಿದ್ರು. ಹೈದರಾಬಾದಿಂದ ನಾಲ್ಕು ನಿಮಿಷಕ್ಕ ಫೈಲ್ ಬಂತು, ಹಚ್ಚಿದೆ, ಮೊದ್ಲು ಕ್ಯಾಸೆಟ್ಟಿನ ಸರಸರ ಸಪ್ಪಳ, ಆಮ್ಯಾಲ ಏಕತಾರಿ, ಆಮ್ಯಾಲ ದನಿ. ಹಾಡು ಮುಗಿಯೋ ತನಕಾ ಅವ್ರು ಕಣ್ಣು ತೆರೀಲಿಲ್ಲ. ಎದ್ದು ಹೋಗಿ ಒಳಗಿಂದ ಇನ್ನೊಂದು ಬಿಸ್ಕೀಟ್ ಡಬ್ಬಿ ತಂದಿಟ್ರು, ಅದ್ರಾಗ ಇನ್ನೂ ಇಪ್ಪತ್ತಾರು ಕ್ಯಾಸೆಟ್ ಇದ್ವು. ಈಗ ಒಂಬತ್ತು ಮುಗದಾವ.